ಹಿತ್ತಲ ಗಿಡಕ್ಕೆ ನೀರೆರೆಯುವವರಾರು?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಕನ್ನಡಿಗರಿಗೆ ಹೊಸತಲ್ಲ. ಕೈಗೆಟುಕುವ ವಸ್ತುವಿಗೆ ಬೆಲೆ ಕಡಿಮೆ, ದೂರದ್ದಕ್ಕೆ ಮನ್ನಣೆ ಹೆಚ್ಚು ಎಂಬ ಲೋಕಾನುಭವ ಅದರಲ್ಲಿ ಅಡಗಿದೆ. ಆದರೆ ಊರು ಬಿಟ್ಟು ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಗಳಲ್ಲಿ ನೆಲೆನಿಂತ ಕನ್ನಡಿಗರ ಪಾಲಿಗೆ ಈ ಗಾದೆ ತಲೆಕೆಳಗಾಗಿದೆ. ಹಿತ್ತಲು ಕಣ್ಣಿಗೆ ದೂರವಾದ ಮೇಲೆ ಅದರ ಪ್ರತಿಯೊಂದು ಗಿಡವೂ ಮದ್ದಾಗಿ, ಪ್ರತಿಯೊಂದು ಎಲೆಯೂ ಅಮೃತವಾಗಿ ಕಾಣತೊಡಗಿದೆ. ಸಂಘದ ಸಮಾರಂಭಗಳಲ್ಲಿ ಊರಿನ ಬಸಳೆ ಚಪ್ಪರದ ನೆನಪು, ಭಾಷಣಗಳಲ್ಲಿ ಮೊದಲ ಮಳೆಯ ಮಣ್ಣಿನ ವಾಸನೆಯ ವರ್ಣನೆ, ‘ನಿವೃತ್ತಿಯಾದ ಮೇಲೆ ಊರಿಗೆ ಹೋಗಿ ನಾಲ್ಕು ಗಿಡ ನೆಟ್ಟುಕೊಂಡು ನೆಮ್ಮದಿಯಿಂದ ಇರಬೇಕು’ ಎಂಬ ಸಂಕಲ್ಪ ಇವೆಲ್ಲ ಮಹಾನಗರದ ಕನ್ನಡಿಗನ ಮಾತಿನಲ್ಲಿ ಮತ್ತೆ ಮತ್ತೆ ಕೇಳಿಬರುತ್ತವೆ.

ಈ ಹಂಬಲವನ್ನು ಯಾರೂ ತಪ್ಪೆನ್ನಲಾರರು. ಆದರೆ ಹಂಬಲಿಸುವವರು ಸಾಮಾನ್ಯವಾಗಿ ಕೇಳಿಕೊಳ್ಳದ ಪ್ರಶ್ನೆಯೊಂದಿದೆ. ಆ ಗಿಡಗಳಿಗೆ ದಿನವೂ ನೀರೆರೆದವರು ಯಾರು? ಇಂದು ಎರೆಯುತ್ತಿರುವವರು ಯಾರು? ಹಿತ್ತಲೆಂದರೆ ಬರಿಯ ಗಿಡಗಳ ಗುಂಪಲ್ಲ. ಅದು ಮನೆಮಂದಿಯೆಲ್ಲ ಸೇರಿ ಮಾಡುವ ನಿತ್ಯದ ದುಡಿಮೆ. ಆ ದುಡಿಮೆಯಲ್ಲಿ ಪಾಲುಗೊಳ್ಳದೆ ಫಲವನ್ನು ಮಾತ್ರ ಬಯಸುವುದು ಠೇವಣಿ ಇಡದೆ ಬಡ್ಡಿ ಕೇಳಿದಂತೆ.

ಏನನ್ನೂ ವ್ಯರ್ಥಮಾಡದ ಮನೆ

ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಸಣ್ಣ ಹಿಡುವಳಿಯೆಂದರೆ ಸಾಮಾನ್ಯವಾಗಿ ಎಕರೆ ಎರಡೆಕರೆ ಭೂಮಿ. ಎಷ್ಟೋ ಮನೆಗಳಿಗೆ ಅದಕ್ಕಿಂತಲೂ ಕಡಿಮೆ. ತಗ್ಗಿನ ಬೈಲು, ನಡುವಿನ ಮಜಲು, ಎತ್ತರದ ಬೆಟ್ಟು ಎಂದು ಗದ್ದೆಗಳಲ್ಲಿ ಮೂರು ತರ. ಏಣೇಲು, ಸುಗ್ಗಿ, ಕೊಳಕೆ ಎಂದು ಭತ್ತದ ಬೆಳೆಗಳಲ್ಲಿ ಮೂರು ಸರದಿ. ಗದ್ದೆಯ ಅಂಚಿಗೆ ತೆಂಗು, ತೆಂಗಿನ ನಡುವೆ ಬಾಳೆ, ಮನೆಯ ಹಿಂದೆ ಬಾವಿ, ಬಾವಿಯ ಸುತ್ತ ಹಿತ್ತಲು. ಅಲ್ಲಿ ಬಸಳೆಗೊಂದು ಚಪ್ಪರ, ತೊಂಡೆಗೊಂದು ಚಪ್ಪರ. ಹರಿವೆ, ಬೆಂಡೆ, ಅಲಸಂಡೆಗಳ ಸಾಲುಗಳು. ಬಚ್ಚಲ ನೀರು ಹರಿದುಹೋಗುವಲ್ಲಿ ಕೆಸು ಮತ್ತು ಬಾಳೆ. ಅಡುಗೆಮನೆಯ ಬಾಗಿಲ ಬಳಿ ಕರಿಬೇವು. ಬೇಲಿಯ ಬದಿಗೆ ನುಗ್ಗೆ ಮತ್ತು ದಾಸವಾಳ. ತೇವ ಆರದ ಮೂಲೆಯಲ್ಲಿ ಒಂದೆಲಗ.

ಈ ವ್ಯವಸ್ಥೆಯಲ್ಲಿ ಒಂದು ಕಡೆಯ ಖರ್ಚು ಮತ್ತೊಂದು ಕಡೆಯ ಜಮೆಯಾಗುತ್ತಿತ್ತು. ಅಕ್ಕಿ ತೊಳೆದ ಅಕ್ಕಚ್ಚು ಹಸುವಿಗೆ. ಗುಡ್ಡದಿಂದ ಗುಡಿಸಿ ತಂದ ತರಗೆಲೆ ಹಟ್ಟಿಗೆ. ಹಟ್ಟಿಯ ಗೊಬ್ಬರ ಗದ್ದೆಗೆ ಮತ್ತು ತೆಂಗಿನ ಬುಡಕ್ಕೆ. ಒಲೆಯ ಬೂದಿ ಬಸಳೆಗೆ. ಕಸಕಡ್ಡಿಯೊಡನೆ ಮಣ್ಣು ಸೇರಿಸಿ ಸುಟ್ಟ ಸುಡುಮಣ್ಣು ತರಕಾರಿಯ ಸಾಲಿಗೆ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಗ ಭೂಮಿಗೆ ತಾಗಿದ ಕುಮ್ಕಿ ಜಾಗದಿಂದ ಸೊಪ್ಪು, ತರಗು, ಸೌದೆಗಳನ್ನು ತರುವ ಹಕ್ಕು ಸಾಗುವಳಿದಾರನಿಗೆ ಇದ್ದುದೂ ಈ ಕ್ರಮದ ಒಂದು ಅಂಗವೇ.

ಮುಂದಾಲೋಚನೆಯಂತೂ ಪಂಚಾಂಗದಷ್ಟೇ ಖಚಿತವಾಗಿತ್ತು. ಬೇಸಗೆಯಲ್ಲಿ ಕೊಯ್ಲಾದ ಗದ್ದೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಬಾಳೆಯ ನಾರಿನಲ್ಲಿಯೋ ತೆಂಗಿನ ಗರಿಯಲ್ಲಿಯೋ ಕಟ್ಟಿ ಮಾಡಿನ ಜಂತಿಗೆ ತೂಗುಹಾಕಿದರೆ ಮಳೆಗಾಲದುದ್ದಕ್ಕೂ ಹುಳಿಗೆ ಕೊರತೆಯಿಲ್ಲ. ಮೇ ತಿಂಗಳಲ್ಲಿ ಹಲಸಿನ ಹಪ್ಪಳ ಒಣಗಬೇಕು, ಸೊಳೆ ಉಪ್ಪುನೀರಿನ ಭರಣಿ ಸೇರಬೇಕು. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಆಟಿ ತಿಂಗಳು ಕೂಲಿಯೂ ಧಾನ್ಯವೂ ಬತ್ತುವ ಕಾಲ. ಆಗ ಕೆಸುವಿನ ಎಲೆಯ ಪತ್ರೊಡೆಯೂ, ತಗತೆ ಸೊಪ್ಪಿನ ಪಲ್ಯವೂ ಊಟದ ಮಣೆಗೆ ಬರುತ್ತಿದ್ದುದು ಬಾಯಿರುಚಿಗಾಗಿ ಮಾತ್ರವಲ್ಲ. ಹೊಟ್ಟೆ ತುಂಬುವ ಉಪಾಯವಾಗಿಯೂ ಹೌದು. ಬಯಲುಸೀಮೆಯ ರೈತನ ರೀತಿ ಬೇರೆ, ನೀತಿ ಒಂದೇ. ವಿಜಯಪುರ, ಕಲಬುರಗಿಗಳ ಜೋಳದ ಹೊಲದ ನಡುವಿನ ಅಕ್ಕಡಿ ಸಾಲಿನಲ್ಲಿಯೂ, ಪುಂಡಿ, ಹಕ್ಕರಿಕೆ, ರಾಜಗಿರಿ ಪಲ್ಯಗಳಲ್ಲಿಯೂ ಅದೇ ಮಿತವ್ಯಯದ ವಿವೇಕವಿದೆ.

ಇಂಥ ಮನೆಯಲ್ಲಿ ಕೆಲಸವಿಲ್ಲದವರೆಂದು ಯಾರೂ ಇರಲಿಲ್ಲ. ಚಪ್ಪರಕ್ಕೆ ಕಂಬ ನೆಟ್ಟು ಬಿಗಿಯುವುದು ಅಜ್ಜನ ಪಾಲು. ಬೀಜಕ್ಕೆ ಬೂದಿ ಬೆರೆಸಿ ಒಣಗಿಸಿ ಕಾಪಿಡುವುದು ಅಜ್ಜಿಯ ಅಧಿಕಾರ. ಶಾಲೆಗೆ ಹೊರಡುವ ಮುನ್ನ ಹೂ ಕೊಯ್ಯುವುದು, ಸಂಜೆ ಕರುವನ್ನು ಹುಡುಕಿ ತರುವುದು ಮಕ್ಕಳಿಗೆ. ದೃಷ್ಟಿ ಮಂದವಾದ ಮುದುಕಿಯೂ ಕುಳಿತಲ್ಲೇ ಬಾಳೆಯ ನಾರು ಸೀಳಬಲ್ಲಳು. ವೃದ್ಧಾಪ್ಯದಲ್ಲಿ ‘ಇನ್ನು ಯಾರಿಗೂ ಬೇಡವಾದೆ’ ಎಂಬ ಭಾವನೆ ಬಾರದಂತೆ ಕಾಯುತ್ತಿದ್ದುದು ಬಸಳೆಯ ರುಚಿಯಲ್ಲ, ಈ ಹಂಚಿಕೆ.

ಲೆಕ್ಕಕ್ಕೆ ಬಾರದ ಭಾರ

ಆದರೆ ಈ ಹಂಚಿಕೆ ಸಮಾನವಾಗಿತ್ತೆಂದು ಭಾವಿಸಿದರೆ ಅದು ಸತ್ಯಕ್ಕೆ ಮಾಡುವ ಅಪಚಾರ. ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಡಿಸೆಂಬರ್ ಕಳೆದರೆ ಹಿತ್ತಲಿನ ಬದುಕು ಬಾವಿಯ ನೀರಿನ ಮೇಲೆ. ಒಂದು ಕೊಡದಲ್ಲಿ 10 ಲೀಟರ್ ನೀರೆಂದು ಹಿಡಿಯೋಣ. ಎರಡು ಚಪ್ಪರ, ನಾಲ್ಕು ಸಾಲು ತರಕಾರಿ, ಹತ್ತಾರು ಬಾಳೆಗೆ ದಿನಕ್ಕೆ 40 ಕೊಡವಾದರೂ ಬೇಕು. ಅಂದರೆ ದಿನಕ್ಕೆ 400 ಕಿಲೋ, ತಿಂಗಳಿಗೆ 12 ಟನ್, ಡಿಸೆಂಬರ್‌ನಿಂದ ಮೇ ತನಕದ ಆರು ತಿಂಗಳಿಗೆ 72 ಟನ್ ಭಾರ. ಏಳು ಲಾರಿಗಳು ಹೊರಬಹುದಾದ ಆ ಭಾರವನ್ನು ಪಂಪು ಬರುವ ಮೊದಲು ಬಾವಿಯಿಂದ ಮೇಲಕ್ಕೆಳೆದು ಗಿಡದ ಬುಡಕ್ಕೆ ಮುಟ್ಟಿಸಿದ ಕೈಗಳು ಹೆಚ್ಚಾಗಿ ತಾಯಿಯದು, ಅತ್ತಿಗೆಯದು, ಮದುವೆಯಾಗದ ಅಕ್ಕನದು. ಯಾವ ಪಹಣಿಯಲ್ಲಿಯೂ ಆ ಕೈಗಳ ಹೆಸರಿರಲಿಲ್ಲ. ಯಾವ ಖಾತೆಯಲ್ಲಿಯೂ ಆ ಕೂಲಿ ಜಮೆಯಾಗಲಿಲ್ಲ.

ಕನ್ನಡದ ಲೇಖಕರಲ್ಲಿ ಈ ಸತ್ಯವನ್ನು ಕಂಡು ಬರೆದವರು ಇಲ್ಲದಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿ ಕರಾವಳಿಯ ಒಂದು ಕುಟುಂಬದ ಮೂರು ತಲೆಮಾರುಗಳ ಕಥೆ. ಆ ಮನೆಯನ್ನು ಮುಳುಗದಂತೆ ಹಿಡಿದು ನಿಲ್ಲಿಸಿದವರು ಸರಸೋತಿ, ಪಾರೋತಿಯರೆಂಬ ಇಬ್ಬರು ದುಡಿಯುವ ಹೆಂಗಸರು. ಮಣ್ಣಿಗೆ ಮರಳುವ ಮಾತನ್ನು ಆಡುವವರೆಲ್ಲರೂ ಆ ಇಬ್ಬರನ್ನು ಒಮ್ಮೆ ನೆನೆಯುವುದು ಒಳಿತು.

ಮುಂಬಯಿಯ ಕನ್ನಡಿಗರಿಗೆ ಇನ್ನೂ ಸಮೀಪದ ನಿದರ್ಶನವೊಂದಿದೆ. ಉಡುಪಿ ಜಿಲ್ಲೆಯ ಶಂಕರಪುರದ ಮಲ್ಲಿಗೆ ಮುಂಬಯಿಯ ತನಕ ಬರುತ್ತದೆ. ಇಲ್ಲಿನ ಮದುವೆಯ ಮಂಟಪದಲ್ಲಿಯೂ ಪೂಜೆಯ ಕೋಣೆಯಲ್ಲಿಯೂ ಪರಿಮಳ ಬೀರುತ್ತದೆ. ಅದು ದೊಡ್ಡ ತೋಟಗಳ ಬೆಳೆಯಲ್ಲ. ಕೆಲವೇ ಸೆಂಟ್ಸ್ ಜಾಗದಲ್ಲಿ, ಮನೆಯ ಅಂಗಳದಲ್ಲಿ, ಈಗೀಗ ತಾರಸಿಯ ಕುಂಡಗಳಲ್ಲಿಯೂ ಬೆಳೆಯುವ ಹಿತ್ತಲ ಬೆಳೆ. ಹಿಂದೂಗಳೂ ಕ್ರೈಸ್ತರೂ ಅದನ್ನು ಬೆಳೆಯುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ಮೊಗ್ಗು ಬಿಡಿಸಬೇಕು. ಬಾಳೆಯ ನಾರಿನಲ್ಲಿ ಕಟ್ಟಬೇಕು. ಬಿಸಿಲೇರುವ ಮೊದಲು ಕಟ್ಟೆಗೆ ತಲುಪಿಸಬೇಕು. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಒಂದು ಅಟ್ಟೆ ಹೂವೆಂದರೆ ಬೆರಳುಗಳು 3200 ಸಲ ಗಿಡಕ್ಕೆ ಹೋಗಿ ಬಂದ ಲೆಕ್ಕ. ಬೆಲೆ ಆಯಾ ದಿನಕ್ಕೇ ನಿಗದಿಯಾಗುತ್ತದೆ; ಮದುವೆಯ ಋತುವಿನಲ್ಲಿ ಏರುತ್ತದೆ, ಬೇಡಿಕೆಯಿಲ್ಲದ ದಿನ ಇಳಿಯುತ್ತದೆ. ‘ಉಡುಪಿ ಮಲ್ಲಿಗೆ’ ಎಂಬ ಹೆಸರಿನಲ್ಲಿ ಭೌಗೋಳಿಕ ಮಾನ್ಯತೆಯನ್ನೂ ಪಡೆದಿರುವ ಈ ಹೂವು ಅನೇಕ ಮನೆಗಳ ಮಕ್ಕಳ ಶುಲ್ಕವನ್ನು ಕಟ್ಟಿದೆ. ಹಿತ್ತಲಿನ ದುಡಿಮೆಗೆ ದಿನವೂ ಕೈಯಲ್ಲಿ ಹಣ ಬಂದಾಗ ಮನೆಯಲ್ಲಿ ಹೆಣ್ಣಿನ ಮಾತಿಗೂ ತೂಕ ಬರುತ್ತದೆ. ತೊಂಡೆ, ಬಸಳೆಗಳಿಗೆ ನೀರೆರೆದ ತಾಯಂದಿರಿಗೆ ಆ ಭಾಗ್ಯ ಒದಗಲಿಲ್ಲ. ಅವರೂ ದುಡಿದವರೇ, ಆದರೆ ಅವರ ದುಡಿಮೆಗೆ ಕಟ್ಟೆಯೂ ಇರಲಿಲ್ಲ, ದರವೂ ಇರಲಿಲ್ಲ.

ಮೇ ತಿಂಗಳ ಅತಿಥಿಗಳು

1998ರ ಜನವರಿಯಲ್ಲಿ ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದ ಮೇಲೆ ಊರಿನ ಹಾದಿ ಹತ್ತಿರವಾಯಿತು. ಶಾಲೆಗೆ ರಜೆ ಸಿಕ್ಕೊಡನೆ ಥಾಣೆಯಲ್ಲಿಯೋ ಪನ್ವೇಲಿನಲ್ಲಿಯೋ ಗಾಡಿ ಹತ್ತಿದರೆ ಮರುದಿನ ಊರು. ಮಾವು, ಹಲಸು ಹಣ್ಣಾಗುವ ಕಾಲದಲ್ಲಿ ಹದಿನೈದು ದಿನ ಕಳೆದು, ಮರಳುವಾಗ ತೊಂಡೆಕಾಯಿ, ಬಸಳೆಯ ದಂಟು, ಹಪ್ಪಳ, ತೆಂಗಿನೆಣ್ಣೆಗಳನ್ನು ಚೀಲದಲ್ಲಿ ತುಂಬಿಕೊಂಡು ಬರುವುದು ವಾಡಿಕೆ. ಮನೆಯ ಹಿರಿಯರಿಗೂ ಅದೊಂದು ಹಬ್ಬ. ಆದರೆ ಮೇ ತಿಂಗಳೆಂದರೆ ಬಾವಿಯ ನೀರು ಪಾತಾಳ ಸೇರುವ ಕಾಲ, ಗಿಡಗಳು ಹೆಚ್ಚು ನೀರು ಬೇಡುವ ಕಾಲ. ಮೊಮ್ಮಕ್ಕಳು ಬಂದಾಗ ಚಪ್ಪರ ಹಸುರಾಗಿರಲಿ ಎಂದು ಎಪ್ಪತ್ತು ದಾಟಿದ ಅಜ್ಜಿ ಜನವರಿಯಿಂದಲೇ ಸೊಂಟ ಬಗ್ಗಿಸಿ ನೀರು ಹೊತ್ತಿರುತ್ತಾಳೆ. ಬಂದವರು ಕಾಣುವುದು ಹಸುರನ್ನು. ಕಾಣದಿರುವುದು ಆ ಸೊಂಟವನ್ನು.

ಇಂದು ಎಷ್ಟೋ ಮನೆಗಳಲ್ಲಿ ಉಳಿದಿರುವವರು ಇಬ್ಬರು ವೃದ್ಧರು, ಇಲ್ಲವೆ ಒಬ್ಬರೇ. ಮಕ್ಕಳು ಡೊಂಬಿವಲಿಯಲ್ಲಿ, ಬೆಂಗಳೂರಿನಲ್ಲಿ, ಕೊಲ್ಲಿಯಲ್ಲಿ. ಗದ್ದೆ ಹಡಿಲು ಬಿದ್ದಿದೆ. ತೆಂಗಿನ ಮರ ಏರುವವರು ಸಿಗುವುದಿಲ್ಲ. ಹಟ್ಟಿಯಲ್ಲಿ ಹಸುವಿಲ್ಲ, ಆದ್ದರಿಂದ ಗೊಬ್ಬರವಿಲ್ಲ. ‘ಮಾರಿಬಿಡೋಣ’ ಎನ್ನುವ ಮಗನೂ, ‘ನಾನು ಸಾಯುವ ತನಕ ಇರಲಿ’ ಎನ್ನುವ ತಾಯಿಯೂ ಇಬ್ಬರೂ ತಮ್ಮ ತಮ್ಮ ದೃಷ್ಟಿಯಲ್ಲಿ ಸರಿಯೇ.

ಇಲ್ಲಿ ಸ್ವಲ್ಪ ಚರಿತ್ರೆಯನ್ನು ನೆನೆಯುವುದು ಉಚಿತ. ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ತಿದ್ದುಪಡಿಗೊಂಡ ಕರ್ನಾಟಕ ಭೂಸುಧಾರಣಾ ಕಾಯಿದೆ 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಮೂಲಗೇಣಿ, ಚಾಲಗೇಣಿಗಳ ನೆಲವಾಗಿದ್ದ ದಕ್ಷಿಣ ಕನ್ನಡದಲ್ಲಿ ಸಾವಿರಾರು ಗೇಣಿದಾರರು ‘ಡಿಕ್ಲರೇಶನ್’ ಕೊಟ್ಟು, ನ್ಯಾಯಮಂಡಳಿಯ ಮುಂದೆ ನಿಂತು, ಉಳುವವನೇ ಹೊಲದೊಡೆಯನೆಂಬ ತತ್ತ್ವದ ಮೇಲೆ ಭೂಮಿಯ ಒಡೆಯರಾದರು. ಮುಂಬಯಿಯ ಅನೇಕ ಕನ್ನಡಿಗರ ಊರಿನ ಆಸ್ತಿ ಹೀಗೆ ಬಂದದ್ದು. ಅಪ್ಪ ಉಳುವವನೆಂಬ ಕಾರಣಕ್ಕೆ ಒಡೆಯನಾದ. ಮಗ ಉಳದೆ ಒಡೆಯನಾಗಿದ್ದಾನೆ. ಕಾಲದ ಈ ವಿಪರ್ಯಾಸವನ್ನು ಯಾರೂ ಉದ್ದೇಶಪೂರ್ವಕವಾಗಿ ತಂದದ್ದಲ್ಲ. ಆದರೂ ಅದು ಒಂದು ಹೊಣೆಯನ್ನು ಹೊರಿಸುತ್ತದೆ.

ಆ ಹೊಣೆಯನ್ನು ಕಾನೂನು ಸುಲಭಗೊಳಿಸಿಲ್ಲ. ಸೈನಿಕರೇ ಮೊದಲಾದವರಿಗಿರುವ ಕೆಲವು ವಿನಾಯಿತಿಗಳನ್ನು ಬಿಟ್ಟರೆ ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಗೇಣಿಗೆ ಕೊಡುವುದು ನಿಷಿದ್ಧ. ನೆರೆಯವನಿಗೆ ಬಾಯಿಮಾತಿನಲ್ಲಿ ಬಿಟ್ಟುಕೊಟ್ಟರೆ ಒಡೆಯನಿಗೆ ಅಂಜಿಕೆ. ಪಹಣಿಯಲ್ಲಿ ಹೆಸರಿಲ್ಲದ ಸಾಗುವಳಿದಾರನಿಗೆ ಬೆಳೆಸಾಲ ಸುಲಭವಾಗಿ ಸಿಗದು. ಹೀಗಾಗಿ ಭೂಮಿ ಇಬ್ಬರಿಗೂ ಒದಗದೆ ಹಡಿಲು ಬೀಳುತ್ತದೆ. ಮತ್ತೊಂದು ಕಡೆ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ನಿರ್ಬಂಧಗಳನ್ನು 2020ರ ತಿದ್ದುಪಡಿ ತೆಗೆದುಹಾಕಿದೆ. ಕೊಳ್ಳುವವರು ಹೆಚ್ಚಿದರೆ ಬೆಲೆಯೂ ಆಸೆಯೂ ಹೆಚ್ಚುವುದು ಸಹಜ. ಗೇಣಿಗೆ ಕೊಡಲು ದಾರಿಯಿಲ್ಲ, ಮಾರಲು ಮಾತ್ರ ಬಾಗಿಲು ತೆರೆದಿದೆ. ಇಂಥ ಸ್ಥಿತಿಯಲ್ಲಿ ಮನೆಮಂದಿ ಕುಳಿತು ಸಮಾಧಾನದಿಂದ ಆಲೋಚಿಸದಿದ್ದರೆ ನಿರ್ಧಾರವನ್ನು ದಲ್ಲಾಳಿಯೇ ಮಾಡಿಬಿಡುತ್ತಾನೆ.

ಮಾರುವುದೇ ಪಾಪವೆಂದು ಹೇಳುವುದು ಸಲ್ಲದು. ಎತ್ತುವವರಿಲ್ಲದ ಕೊಡವನ್ನು ಮುದುಕಿಯ ತಲೆಯ ಮೇಲಿಟ್ಟು, ‘ಊರಿನ ಹಸುರು ಉಳಿಯಲಿ’ ಎಂದು ದೂರದಿಂದ ಹಾರೈಸುವುದಕ್ಕಿಂತ ಮಾರುವುದೇ ಮೇಲು. ಮನುಷ್ಯರಿಗಾಗಿ ತೋಟವೇ ಹೊರತು ತೋಟಕ್ಕಾಗಿ ಮನುಷ್ಯರಲ್ಲ.

ಆರೋಗ್ಯದ ಲೆಕ್ಕಾಚಾರ

ಹಿತ್ತಲಿನ ಪ್ರಶಂಸೆಯಲ್ಲಿ ಆರೋಗ್ಯದ ಮಾತು ತಪ್ಪದೆ ಬರುತ್ತದೆ. ಅದರಲ್ಲಿ ಸತ್ಯಾಂಶವಿದೆ. ಒಬ್ಬ ವಯಸ್ಕ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿಗಳನ್ನು ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಬಸಳೆ, ಹರಿವೆ, ನುಗ್ಗೆ ಸೊಪ್ಪುಗಳಲ್ಲಿ ಕಬ್ಬಿಣ, ಸುಣ್ಣ, ‘ಎ’ ಜೀವಸತ್ವವಾಗಿ ಮಾರ್ಪಡುವ ಅಂಶಗಳು ಸಮೃದ್ಧವಾಗಿವೆ. ಸೊಪ್ಪಿನ ಕಬ್ಬಿಣ ದೇಹಕ್ಕೆ ಚೆನ್ನಾಗಿ ಹತ್ತಬೇಕಾದರೆ ಊಟದಲ್ಲಿ ನಿಂಬೆ, ನೆಲ್ಲಿಯಂಥ ‘ಸಿ’ ಜೀವಸತ್ವದ ಪದಾರ್ಥವಿರಬೇಕು. ಊಟದ ಜೊತೆಗೇ ಚಹಾ, ಕಾಫಿ ಕುಡಿಯುವುದು ಅದಕ್ಕೆ ಅಡ್ಡಿ. ಕೆಸುವಿನ ತುರಿಕೆಗೆ ಕಾರಣ ಅದರಲ್ಲಿರುವ ಸೂಜಿಯಂಥ ಆಕ್ಸಲೇಟ್ ಹರಳುಗಳು. ಹುಣಸೆಯ ಹುಳಿ ಹಾಕಿ ಚೆನ್ನಾಗಿ ಬೇಯಿಸುವ ಹಿರಿಯರ ಪದ್ಧತಿಗೆ ಹೀಗೆ ಅರ್ಥವಿದೆ. ಮೂತ್ರಪಿಂಡದಲ್ಲಿ ಕಲ್ಲಾದವರು ಬಸಳೆ, ಹರಿವೆಗಳನ್ನು ಎಷ್ಟು ತಿನ್ನಬೇಕೆಂದು ವೈದ್ಯರನ್ನು ಕೇಳುವುದು ಕ್ಷೇಮ.

ಆದರೆ ಇನ್ನೊಂದು ಅಂಕಿಯನ್ನೂ ಮರೆಯಬಾರದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ಇದಕ್ಕೆ ಕಾರಣಗಳು ಹಲವು; ಆದರೆ ಮನೆಮಂದಿಗೆಲ್ಲ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ಪದ್ಧತಿ ಅವುಗಳಲ್ಲಿ ಒಂದಲ್ಲವೆಂದು ಹೇಳಲಾದೀತೆ? ಸೊಪ್ಪು ಬೆಳೆದವಳಿಗೇ ಸೊಪ್ಪಿನ ಸತ್ವ ದಕ್ಕದಿದ್ದರೆ ಹಿತ್ತಲಿನ ಆರೋಗ್ಯ ಯಾರ ಆರೋಗ್ಯ?

ತೋಟದ ಕೆಲಸ ಉತ್ತಮ ವ್ಯಾಯಾಮವೆಂಬುದೂ ನಿಜ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುದ್ದಲಿ ಹಿಡಿಯುವುದು, ಕಳೆ ಕೀಳುವುದು ಅದಕ್ಕೆ ಸಲ್ಲುತ್ತವೆ. ಆದರೆ ಮೊಣಕಾಲು ಸವೆದ ಎಪ್ಪತ್ತರ ವೃದ್ಧೆ ನಲವತ್ತು ಕೊಡ ಹೊರುವುದು ವ್ಯಾಯಾಮವಲ್ಲ, ಶಿಕ್ಷೆ. ಮಳೆಗಾಲದ ಕೆಸರಿನಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಇಲಿಜ್ವರದ ಭಯವೂ ಉಂಟು. ಕಾಲಿನ ಗಾಯದ ಮೂಲಕ ಅದರ ರೋಗಾಣು ದೇಹವನ್ನು ಸೇರಬಲ್ಲುದು. ಗಾಯವನ್ನು ಮುಚ್ಚಿಕೊಳ್ಳುವುದು, ಮೊಣಕಾಲೆತ್ತರದ ರಬ್ಬರ್ ಬೂಟು ಧರಿಸುವುದು, ಜ್ವರ ಬಂದೊಡನೆ ವೈದ್ಯರಲ್ಲಿ ‘ಗದ್ದೆಗೆ ಇಳಿದಿದ್ದೆ’ ಎಂದು ತಿಳಿಸುವುದು ಅಗತ್ಯ. ಊರಿಗೆ ಕಳುಹಿಸುವ ಉಡುಗೊರೆಗಳಲ್ಲಿ ಸೀರೆಯ ಜೊತೆಗೆ ಒಂದು ಜೊತೆ ಬೂಟಿದ್ದರೆ ತಪ್ಪೇನು?

ಈ ನೆಲಕ್ಕೂ ಹಿತ್ತಲಿತ್ತು

ಹಿತ್ತಲೆಂದರೆ ಊರಿನದು, ಕಾಂಕ್ರೀಟೆಂದರೆ ಮುಂಬಯಿಯದು ಎಂಬ ಭಾವನೆ ವಲಸಿಗರಲ್ಲಿ ಬಲವಾಗಿದೆ. ಇಂದು ನಿಂತಿರುವ ನೆಲದ ಚರಿತ್ರೆಯನ್ನು ಕೆದಕಿದರೆ ಅದು ಸಡಿಲವಾಗುತ್ತದೆ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ನವಿಮುಂಬಯಿಯ ಯೋಜನೆ ರೂಪುಗೊಂಡಾಗ ಅದಕ್ಕೆ ಒಳಪಟ್ಟದ್ದು ಥಾಣೆ, ಪನ್ವೇಲ್, ಉರಣ್ ಭಾಗದ 95 ಹಳ್ಳಿಗಳ ಭೂಮಿ. ಅಲ್ಲಿ ಭತ್ತದ ಗದ್ದೆಗಳಿದ್ದವು, ಉಪ್ಪಿನಗದ್ದೆಗಳಿದ್ದವು, ಆಗ್ರಿ ಮತ್ತು ಕೋಳಿ ಜನಗಳ ಮನೆಯ ಹಿಂದೆ ಅವರದೇ ತರಕಾರಿಯ ಮಡಿಗಳಿದ್ದವು. ನ್ಯಾಯವಾದ ಪರಿಹಾರಕ್ಕಾಗಿ ಡಿ. ಬಿ. ಪಾಟೀಲರ ಮುಂದಾಳುತನದಲ್ಲಿ ರೈತರು ಹೋರಾಡಿದರು. 1984ರ ಜನವರಿಯಲ್ಲಿ ಜಾಸಯಿ ಭಾಗದಲ್ಲಿ ನಡೆದ ಗೋಲಿಬಾರಿನಲ್ಲಿ ಐವರು ಪ್ರಾಣ ತೆತ್ತರು. ಸ್ವಾಧೀನವಾದ ಭೂಮಿಯ ಶೇಕಡಾ 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ಆ ಹೋರಾಟದ ಫಲ. ಒಬ್ಬ ಸಣ್ಣ ಹಿಡುವಳಿದಾರನ ಮಗ ಮತ್ತೊಬ್ಬ ಸಣ್ಣ ಹಿಡುವಳಿದಾರನ ಗದ್ದೆಯ ಮೇಲೆ ಎದ್ದ ಕಟ್ಟಡದಲ್ಲಿ ವಾಸವಾಗಿದ್ದಾನೆ. ಇದನ್ನು ತಿಳಿದವನು ಈ ನೆಲವನ್ನು ಪರದೇಶವೆಂದು ಬಗೆಯಲಾರ.

ಇಲ್ಲಿಯ ಜನರ ಅಡುಗೆಯೂ ಅಷ್ಟೇ ಹತ್ತಿರದ್ದು. ಮಳೆಗಾಲದಲ್ಲಿ ಕಲ್ಯಾಣ್, ಡೊಂಬಿವಲಿಗಳ ಬೀದಿಬದಿಯಲ್ಲಿ ಆದಿವಾಸಿ ಹೆಂಗಸರು ಮಾರುವ ‘ಟಾಕಳಾ’ ಎಂಬುದು ಕರಾವಳಿಯ ತಗತೆಯೇ, ತುಳುವಿನ ತಜಂಕ್. ‘ಅಳೂ’ ಎಂದರೆ ಕೆಸು, ‘ಮಾಯಾಳೂ’ ಎಂದರೆ ಬಸಳೆ, ‘ಅಂಬಾಡಿ’ ಎಂದರೆ ಬಯಲುಸೀಮೆಯ ಪುಂಡಿ. ಊರಿನ ಸೊಪ್ಪು ಸಿಗುವುದಿಲ್ಲವೆಂದು ಕೊರಗುವವರು ಹೆಸರನ್ನು ಮಾತ್ರ ಅನುವಾದಿಸಿಕೊಂಡರೆ ಸಾಕು. ನಸುಕಿನಲ್ಲಿ ಎದ್ದು ಗುಡ್ಡ ಅಲೆದು ಆ ಸೊಪ್ಪನ್ನು ತಂದವಳೊಡನೆ ಐದು ರೂಪಾಯಿಗೆ ಚೌಕಾಸಿ ಮಾಡುವಾಗ ಊರಿನ ಅಜ್ಜಿಯ ನೆನಪಾದರೆ ಇನ್ನೂ ಒಳಿತು.

ಬಾಲ್ಕನಿಯಲ್ಲಿ ಸಾಧ್ಯವಾದಷ್ಟು

ಊರಿನ ಲೆಕ್ಕದಲ್ಲಿ ಒಂದು ಸೆಂಟ್ಸ್ ಎಂದರೆ ಸುಮಾರು 435 ಚದರಡಿ. ಡೊಂಬಿವಲಿಯ ಸಾಧಾರಣ ಒಂದು ಕೋಣೆಯ ಫ್ಲ್ಯಾಟು ಅಷ್ಟರಲ್ಲೇ ಮುಗಿಯುತ್ತದೆ. ಇಷ್ಟರೊಳಗೆ ತೋಟದ ಮಾತೆಲ್ಲಿ ಎನ್ನಿಸಬಹುದು. ಆದರೂ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಕಿಟಕಿಯಿದ್ದರೆ ದೊಡ್ಡಪತ್ರೆ, ಒಂದೆಲಗ, ಮೆಂತ್ಯ, ತುಳಸಿ ಬರುತ್ತವೆ. ಮಾರುಕಟ್ಟೆಯಿಂದ ತಂದ ಬಸಳೆಯ ಬಲಿತ ದಂಟನ್ನು ನೆಟ್ಟು ಗ್ರಿಲ್ಲಿಗೆ ಹಬ್ಬಿಸಬಹುದು. ಅಕ್ಕಿ ತೊಳೆದ ನೀರು, ಒಣಗಿಸಿ ಕೊಳೆಯಿಸಿದ ತರಕಾರಿ ಸಿಪ್ಪೆ ಇಷ್ಟೇ ಸಾಕಾಗುವ ಗಿಡಗಳಿವು. ಇದರಿಂದ ಮನೆಯ ತರಕಾರಿ ಖರ್ಚು ಗಣನೀಯವಾಗಿ ಇಳಿಯುತ್ತದೆಂದು ಹೇಳಿದರೆ ಅದು ಸುಳ್ಳು ಲೆಕ್ಕ. ಲಾಭವಿರುವುದು ಬೇರೆ ಕಡೆ.

ಎಚ್ಚರಿಕೆಗಳೂ ಅಷ್ಟೇ ಮುಖ್ಯ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ನಿಂತ ಶುದ್ಧ ನೀರಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರದಿಂದ ಹತ್ತು ದಿನ ಸಾಕು. ಆದುದರಿಂದ ಕುಂಡದ ಕೆಳಗಿನ ತಟ್ಟೆಗಳನ್ನು ವಾರಕ್ಕೊಮ್ಮೆಯಾದರೂ ಬರಿದು ಮಾಡಿ ಉಜ್ಜಿ ತೊಳೆಯಬೇಕು. ಕುಂಡ ಕಟಕಟೆಯ ಮೇಲಿರದೆ ಒಳಗಿರಲಿ. ನೀರು ಕೆಳಗಿನ ಮನೆಯ ಬಟ್ಟೆಯ ಮೇಲೆ ಸುರಿಯದಿರಲಿ. ನೆರೆಯವರೊಡನೆ ಜಗಳ ತರುವ ತುಳಸಿಯಿಂದ ಪುಣ್ಯವಿಲ್ಲ.

ಬಾಲ್ಕನಿಯ ಹಿತ್ತಲಿನ ನಿಜವಾದ ಲಾಭ ಹಂಚಿಕೆಯನ್ನು ಕಲಿಯುವುದರಲ್ಲಿದೆ. ಬೆಳಗಿನ ಫಾಸ್ಟ್ ಲೋಕಲ್ ಹಿಡಿಯುವ ಗಂಡ, ಡಬ್ಬ ಕಟ್ಟಿ ತಾನೂ ಕಚೇರಿಗೆ ಓಡುವ ಹೆಂಡತಿ, ಟ್ಯೂಷನ್ನಿನ ಮಕ್ಕಳು, ಊರಿನಿಂದ ಬಂದು ನಾಲ್ಕು ಗೋಡೆಗಳ ನಡುವೆ ದಿನ ಎಣಿಸುವ ಅತ್ತೆ ಮಾವ ಇದು ಇಲ್ಲಿಯ ಕುಟುಂಬದ ಚಿತ್ರ. ಕುಂಡಗಳನ್ನು ತಂದಿಟ್ಟು ನೀರೆರೆಯುವ ಹೊಣೆಯನ್ನು ಅದೇ ಹೆಂಡತಿಯ ಮೇಲೆ ಹೊರಿಸಿದರೆ ಊರಿನ ಹಳೆಯ ತಪ್ಪೇ ನಾಲ್ಕನೆಯ ಮಹಡಿಗೆ ಏರಿ ಬಂದಂತಾಯಿತು. ಒಂದು ಕುಂಡ ಮಗನಿಗೆ, ಒಂದು ಮಗಳಿಗೆ, ಭಾನುವಾರದ ಗೊಬ್ಬರದ ಕೆಲಸ ಗಂಡನಿಗೆ, ಯಾವ ಬೀಜ ಯಾವಾಗ ಬಿತ್ತಬೇಕೆಂಬ ಅಧಿಕಾರ ಅಜ್ಜಿಗೆ ಎಂದು ನಿಶ್ಚಯಿಸಿದರೆ ಅದು ಹಿತ್ತಲೆನಿಸಿಕೊಳ್ಳುತ್ತದೆ.

ಕೊಡಬೇಕಾದ ಬಾಕಿ

ಊರಿನ ಹಿತ್ತಲಿನ ವಿಷಯದಲ್ಲಿ ಮಹಾನಗರದ ಕನ್ನಡಿಗರು ಮಾಡಬಹುದಾದ ಕೆಲಸಗಳು ಮೂರು. ಮೊದಲನೆಯದು, ಭಾರವನ್ನು ಇಳಿಸುವುದು. ಊರಮನೆಗೆ ಬಣ್ಣ ಬಳಿಸುವ ಮೊದಲು, ನೆಲಕ್ಕೆ ಟೈಲ್ಸ್ ಹಾಕಿಸುವ ಮೊದಲು ಬಾವಿಗೆ ಒಂದು ಸಣ್ಣ ಪಂಪು, ಗಿಡಗಳಿಗೆ ಹನಿ ನೀರಾವರಿಯ ಕೊಳವೆ, ವಾರಕ್ಕೆರಡು ದಿನ ಕೂಲಿಯಾಳಿನ ಸಂಬಳ ಇವುಗಳ ವ್ಯವಸ್ಥೆಯಾಗಲಿ. ಹನಿ ನೀರಾವರಿಗೆ ತೋಟಗಾರಿಕಾ ಇಲಾಖೆಯ ಮೂಲಕ ಸಹಾಯಧನವೂ ಉಂಟು. ಅಣ್ಣತಮ್ಮಂದಿರು ಸೇರಿ ತಿಂಗಳಿಗಿಷ್ಟೆಂದು ಒಂದು ಖಾತೆಗೆ ಹಾಕಿದರೆ ಯಾರಿಗೂ ಹೊರೆಯಾಗದು. ಎತ್ತಲಾಗದ ದಿನ ಹಿತ್ತಲನ್ನು ಅರ್ಧಕ್ಕಿಳಿಸುವ ಸ್ವಾತಂತ್ರ್ಯವೂ ತಾಯಿಗಿರಲಿ.

ಎರಡನೆಯದು, ದುಡಿದವರ ಹಕ್ಕನ್ನು ಗುರುತಿಸುವುದು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಹೇಳಿದೆ. ಆದರೂ ಊರಿನಲ್ಲೇ ಉಳಿದು ಹಿರಿಯರನ್ನೂ ಹಿತ್ತಲನ್ನೂ ನೋಡಿಕೊಂಡ ತಂಗಿಯ ಅಥವಾ ಅತ್ತಿಗೆಯ ಎದುರು, ವರ್ಷಕ್ಕೊಮ್ಮೆ ಬಂದವರು ಪಾಲಿನ ಕಾಗದ ಬಿಡಿಸಿ ಅಡಿ ಅಳೆಯುವುದುಂಟು. ಕಾಯಿದೆ ಕೊಡುವ ಪಾಲು ಒಂದು. ಇಪ್ಪತ್ತು ವರ್ಷ ಸೇದಿದ ನೀರಿನ ಬಾಕಿ ಇನ್ನೊಂದು. ಮಾರಿದರೆ ಬಂದ ಹಣದಲ್ಲಿ, ಉಳಿಸಿಕೊಂಡರೆ ಪಹಣಿಯಲ್ಲಿ ಆ ಬಾಕಿ ಸಲ್ಲಲೇಬೇಕು.

ಮೂರನೆಯದು, ರಜೆಯ ರೀತಿಯನ್ನು ಬದಲಿಸುವುದು. ಊರಿಗೆ ಹೋದ ಹದಿನೈದು ದಿನಗಳಾದರೂ ಕೊಡಪಾನ ಕೈ ಬದಲಾಯಿಸಲಿ. ಕನ್ನಡವನ್ನು ತಡವರಿಸಿ ಓದುವ ಮೊಮ್ಮಕ್ಕಳೂ ಅಜ್ಜಿಯೊಡನೆ ಬಸಳೆಯ ಬುಡಕ್ಕೆ ಬೂದಿ ಹಾಕುತ್ತ ದಂಟು, ಚಿಗುರು, ಬಳ್ಳಿ, ಪಾತಿ, ಏರಿ ಎಂಬ ಮಾತುಗಳನ್ನು ಕಲಿತಾರು. ಪುಸ್ತಕದಿಂದ ಬಾರದ ಕನ್ನಡ ಕೈಯ ಮೂಲಕ ಬರುತ್ತದೆ. ಇಂಥ ಮಾತುಗಳನ್ನು ಉಳಿಸಲು ಸಂಘಗಳು ನಡೆಸುವ ಸಭೆಗಳಷ್ಟೇ ಬೆಲೆ ಆ ಸಂಜೆಗಳಿಗೂ ಉಂಟು.

‘ಕೈ ಕೆಸರಾದರೆ ಬಾಯಿ ಮೊಸರು’ ಎಂದು ಹಿರಿಯರು ಹೇಳಿದರು. ಯಾರ ಕೈ ಕೆಸರು, ಯಾರ ಬಾಯಿ ಮೊಸರು ಎಂಬುದನ್ನು ಆ ಗಾದೆ ಬಿಡಿಸಿ ಹೇಳಲಿಲ್ಲ. ಊರಿನಿಂದ ಚೀಲ ತುಂಬಿ ಬಂದ ತೊಂಡೆಕಾಯಿಯನ್ನು ಹೆಚ್ಚುವಾಗ ಆ ಪ್ರಶ್ನೆಯನ್ನು ಕೇಳಿಕೊಂಡು, ಆ ಸಂಜೆಯೇ ಊರಿಗೆ ದೂರವಾಣಿ ಮಾಡಿ ‘ಪಂಪಿನವನು ಬಂದನೇ?’ ಎಂದು ವಿಚಾರಿಸುವ ಮನೆಗಳು ಹೆಚ್ಚಲಿ. ಅಂಥ ಮನೆಯವರಿಗೆ ಊರಿನ ಹಿತ್ತಲನ್ನು ಹೊಗಳುವ ಹಕ್ಕು ತಾನಾಗಿ ಬರುತ್ತದೆ.